ಆಷಾಢದಲ್ಲಿ ಆಪರೇಷನ್: ಇಂಪ್ಲಾಂಟ್ ಇಲ್ಲದೆ ಎದೆ ಲಿಫ್ಟ್, ನನ್ನ ಅನುಭವ

ಇಂಪ್ಲಾಂಟ್, ಅಂದರೆ ಎದೆ ತುಂಬಿ ಕಾಣಲು ಒಳಗೆ ಇಡುವ ಚೀಲ, ಅದಿಲ್ಲದೆ ಬರೀ ಲಿಫ್ಟ್ ಮಾಡಿಸಿಕೊಂಡರೆ ದುಡ್ಡು ದಂಡ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅಕ್ಕ ಹೇಳಿದಳು, ಪಕ್ಕದ ಪಾರ್ಲರ್‌ನವಳು ಹೇಳಿದಳು, ಒಬ್ಬ ಡಾಕ್ಟರೂ ಹೇಳಿದರು. ನನ್ನ ಆಪರೇಷನ್ ಆಗಿ ಒಂದು ವರ್ಷದ ಮೇಲಾಯಿತು. ಎತ್ತಿ ಕೂರಿಸಿದ್ದು ಇನ್ನೂ ಅಲ್ಲೇ ಕೂತಿದೆ. ಆಗ ಬೇಡ ಅಂದವರೇ ಈಗ ಫೋನ್ ಮಾಡಿ ಎಷ್ಟಾಯಿತು, ಯಾರು ಮಾಡಿದ್ದು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಲಿಫ್ಟ್ ಅಂದರೆ ಜೋತ ಎದೆಯನ್ನು ಎತ್ತಿ ಕೂರಿಸುವುದು, ರಿಡಕ್ಷನ್ ಅಂದರೆ ಗಾತ್ರ ಇಳಿಸುವುದು, ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಮಕ್ಕಳು ಮಲಗಿದ ಮೇಲೆ ಫೋನ್ ಹಿಡಿದು ಅದನ್ನೆಲ್ಲ ನೀವೇ ಓದಿ ಮುಗಿಸಿರುತ್ತೀರಿ.

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಬ್ಬರು ಮಕ್ಕಳು, ಇಬ್ಬರಿಗೂ ಜಾಸ್ತಿ ದಿನ ಹಾಲು ಕುಡಿಸಿದ್ದೇನೆ. ಬೇರೆಯವರಿಗೆ ಕನ್ನಡಿ ಹೇಳುವುದನ್ನು ನನಗೆ ಟೇಪೇ ಹೇಳಿತು. ಮದುವೆ ಬ್ಲೌಸಿನಲ್ಲಿ ಭುಜದಿಂದ ಡಾಟ್ ಪಾಯಿಂಟ್‌ಗೆ, ಅಂದರೆ ಎದೆಯ ತುದಿ ಬರುವ ಜಾಗಕ್ಕೆ, 10 ಇಂಚು ಇತ್ತು. ಎರಡನೆಯವನು ಹಾಲು ಬಿಟ್ಟ ಮೇಲೆ 13ರ ಹತ್ತಿರ ಬಂತು. ಮೂರು ಇಂಚು ಅಂದರೆ ಹೊಲಿಯುವವರಿಗೆ ಗೊತ್ತು, ಅದು ಬೇರೆಯದೇ ಮೈ. ಬೇಸಿಗೆಯಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಉರಿಯುತ್ತಿತ್ತು. ಭುಜದ ಮೇಲೆ ಬ್ರಾ ಪಟ್ಟಿಯ ಗುಳಿ ಬಿದ್ದಿತ್ತು. ಚೆಂದ ಕಾಣಬೇಕು ಅನ್ನುವ ಆಸೆಯೂ ಇತ್ತು, ಮುಚ್ಚಿಡಲ್ಲ. ಊರಿನವರಿಗೆಲ್ಲ ಫಿಟ್ಟಿಂಗ್ ಮಾಡಿಕೊಡುವವಳಿಗೆ ತನಗೂ ಒಂದು ಫಿಟ್ಟಿಂಗ್ ಬೇಕು ಅನಿಸಬಾರದಾ?

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಬಿಗಿ ಮಾಡುವ ಎಣ್ಣೆ, ಕ್ರೀಮು, ಆನ್‌ಲೈನಿನಲ್ಲಿ ಬರುವ ಗಾಳಿ ಎಳೆಯುವ ಪಂಪು, ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಎಣ್ಣೆಯಿಂದ ಬ್ಲೌಸುಗಳಿಗೆ ಜಿಡ್ಡು ಹತ್ತಿತು, ಅಷ್ಟೇ. ಮನೆ ಹತ್ತಿರದ ಜಿಮ್ಮಿಗೆ ಮೂರು ತಿಂಗಳ ಫೀಸು ಕಟ್ಟಿ ಪುಷ್‌ಅಪ್, ಡಂಬೆಲ್ ಮಾಡಿದೆ. ಒಳಗಿನ ಮಾಂಸಖಂಡ ಗಟ್ಟಿಯಾಯಿತು, ತೋಳಿಗೆ ಶಕ್ತಿ ಬಂತು. ಅದರ ಮೇಲೆ ಜೋತ ಚರ್ಮ ಜೋತ ಹಾಗೇ ಇತ್ತು. ಚರ್ಮ ಒಮ್ಮೆ ಹಿಗ್ಗಿದರೆ ವ್ಯಾಯಾಮಕ್ಕೆ ಮೇಲೆ ಬರುವುದಿಲ್ಲ. ಆದರೆ ಜಿಮ್ಮಿನ ದುಡ್ಡು ಪೂರ್ತಿ ದಂಡ ಅನ್ನಲ್ಲ. ತೂಕ ಇಳಿದಿದ್ದು ಆಮೇಲೆ ಉಪಯೋಗಕ್ಕೆ ಬಂತು.

ಹಾಲು ಕುಡಿಸಿದ್ದಕ್ಕೇ ಹೀಗಾಯಿತು ಅಂತ ಅಕ್ಕ ಹೇಳುತ್ತಲೇ ಇದ್ದಳು. ಅವಳು ಅದೇ ಹೆದರಿಕೆಯಲ್ಲಿ ಎರಡನೇ ಮಗುವಿಗೆ ಬೇಗ ಡಬ್ಬದ ಹಾಲು ಹಿಡಿಸಿದಳು. ಅವಳದೂ ಜೋತಿದೆ! ಕೊನೆಗೆ ಆಪರೇಷನ್ ಮಾಡಿದ ಡಾಕ್ಟರ್ ಹೇಳಿದ್ದು ಬೇರೆಯೇ. ಬಸಿರಾಗುವುದೇ ಕಾರಣ, ಹಾಲು ಕುಡಿಸುವುದಲ್ಲ. ಎಷ್ಟು ಸಲ ಬಸಿರು, ಮೈ ತೂಕ ಎಷ್ಟು, ವಯಸ್ಸು ಎಷ್ಟು, ಸಿಗರೇಟು ಸೇದುತ್ತಾರಾ, ಇವು ಲೆಕ್ಕಕ್ಕೆ ಬರುತ್ತವೆ. ಹೊಸ ಬಾಣಂತಿಯರು ಯಾರಾದರೂ ಓದುತ್ತಿದ್ದರೆ ಈ ಕಾರಣಕ್ಕೆ ಹಾಲು ಬಿಡಿಸಬೇಡಿ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಎಸಿ, ಕಾಫಿ, ಸೋಫಾ ಎಲ್ಲ ಇತ್ತು. ಡಾಕ್ಟರ್ ಇದ್ದದ್ದು ಐದು ನಿಮಿಷ. ಉಳಿದ ಹೊತ್ತೆಲ್ಲ ಒಬ್ಬ ಹುಡುಗಿ ಇಎಂಐ ಲೆಕ್ಕ ಹೇಳುತ್ತಿದ್ದಳು. ಇಂಪ್ಲಾಂಟ್ ಸೇರಿ ಎರಡೂವರೆ ಲಕ್ಷದ ಮೇಲೆ. ಇವತ್ತೇ ಬುಕ್ ಮಾಡಿದರೆ 20 ಸಾವಿರ ಕಡಿಮೆಯಂತೆ. ಸೀರೆ ಅಂಗಡಿಯಲ್ಲಿ ಇಂಥ ಮಾತು ಕೇಳಿದರೆ ನಾನು ಎದ್ದು ಬರುತ್ತೇನೆ. ಇಲ್ಲೂ ಬಂದೆ. ಎರಡನೇ ಡಾಕ್ಟರ್ ಒಳ್ಳೆಯವರು, ಆದರೆ ಇಂಪ್ಲಾಂಟ್ ಹಾಕದಿದ್ದರೆ ಮೇಲ್ಭಾಗ ತುಂಬಿ ಕಾಣುವುದಿಲ್ಲ, ಆಮೇಲೆ ನೀವೇ ಬೇಜಾರಾಗುತ್ತೀರಿ ಅಂದರು. ಅದರಲ್ಲಿ ಅರ್ಧ ನಿಜ, ಮುಂದೆ ಹೇಳುತ್ತೇನೆ.

ಮೂರನೆಯವರು ನನ್ನನ್ನು ನೇರ ಕೂರಿಸಿ, ಕತ್ತಿನ ಗುಳಿಯಿಂದ ತೊಟ್ಟಿನವರೆಗೆ ಟೇಪ್ ಹಿಡಿದರು. ಟೇಪ್ ಹಿಡಿದವರ ಮೇಲೆ ನನಗೆ ನಂಬಿಕೆ ಜಾಸ್ತಿ. ಅವರು ಮೊದಲ ಭೇಟಿಯಲ್ಲಿ ನನ್ನನ್ನು ವಾಪಸ್ ಕಳಿಸಿದರು. ಹಾಲು ಬಿಡಿಸಿ ಆರು ತಿಂಗಳಾದರೂ ಆಗಲಿ, ತೂಕ ಇಳಿಸುವುದಿದ್ದರೆ ಈಗಲೇ ಇಳಿಸಿ, ಇಳಿದ ತೂಕ ಆರು ತಿಂಗಳು ನಿಲ್ಲಲಿ, ಮೂರನೇ ಮಗುವಿನ ಯೋಚನೆ ಇದ್ದರೆ ಬರಲೇ ಬೇಡಿ ಅಂದರು. ದುಡ್ಡು ಕೊಡಲು ಬಂದವಳನ್ನು ವಾಪಸ್ ಕಳಿಸುವ ಡಾಕ್ಟರ್ ಸಿಕ್ಕರೆ ಬಿಡಬೇಡಿ. ಬೋರ್ಡಿನಲ್ಲಿ ಕಾಸ್ಮೆಟಿಕ್ ಸರ್ಜನ್ ಅಂತ ಬರೆದುಕೊಂಡವರೆಲ್ಲ ಪ್ಲಾಸ್ಟಿಕ್ ಸರ್ಜರಿ ಓದಿರುವುದಿಲ್ಲ. ಡಿಗ್ರಿಯಲ್ಲಿ ಎಂಸಿಎಚ್, ಡಿಎನ್‌ಬಿ ಅಥವಾ ಡಿಆರ್‌ಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಅಂತ ಇರಬೇಕು. ಹೆಸರನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ನೋಡಿದೆ. ಚಾಕು ಹಿಡಿಯುವವರು ನೀವೇನಾ ಅಂತ ಮುಖಕ್ಕೇ ಕೇಳಿದೆ. ಅರಿವಳಿಕೆ ಕೊಡುವವರು ಯಾರು ಅಂತಲೂ ಕೇಳಿದೆ.

ತೂಕ 74ರಿಂದ 65ರ ಆಸುಪಾಸಿಗೆ ಬಂತು. ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯಿತು. ಕೊಬ್ಬು ಕರಗಿ ಎದೆ ಇನ್ನೂ ಅರ್ಧ ಇಂಚು ಕೆಳಗೆ ಬಂತು. ಅಳು ಬಂತು ನನಗೆ. ಮೊದಲೇ ಆಪರೇಷನ್ ಮಾಡಿಸಿ ಆಮೇಲೆ ತೂಕ ಇಳಿದಿದ್ದರೆ? ಎತ್ತಿ ಹೊಲಿಸಿದ್ದು ಮತ್ತೆ ಸಡಿಲ ಆಗುತ್ತಿತ್ತು.

ಕಾಯುವ ಆ ಸಮಯದಲ್ಲಿ ಒಂದು ಪ್ರಯೋಗ ಮಾಡಿದೆ. ಇಂಪ್ಲಾಂಟ್ ಬೇಕಾ ಬೇಡವಾ ಅಂತ ಡಾಕ್ಟರ್ ಮಾತಿನಿಂದ ತಿಳಿಯುವುದಿಲ್ಲ, ಹೊತ್ತು ನೋಡಬೇಕು. ಹಳೆ ಸಾಕ್ಸಿನ ಪಾದದ ಭಾಗದಲ್ಲಿ ಒಂದೊಂದಕ್ಕೆ ಒಂದು ಪಾವು ಸೋನಾ ಮಸೂರಿ ಅಕ್ಕಿ ತುಂಬಿ ಗಂಟು ಹಾಕಿ ಬ್ರಾ ಒಳಗೆ ಇಟ್ಟುಕೊಂಡೆ. ಇಂಪ್ಲಾಂಟ್‌ಗೆ ಇನ್ನೂರು ಇನ್ನೂರೈವತ್ತು ಸಿಸಿ, ಅಂದರೆ ಮಿಲಿ, ಅಂತ ಡಾಕ್ಟರುಗಳು ಹೇಳುವ ಗಾತ್ರ ಸುಮಾರು ಅಷ್ಟೇ. ಅದೇ ವೇಷದಲ್ಲಿ ನಾಲ್ಕೈದು ದಿನ ಮೆಷಿನ್ ಮೇಲೆ ಕೂತೆ. ಕನ್ನಡಿಯಲ್ಲಿ ಚೆನ್ನಾಗೇ ಕಾಣಿಸಿತು. ಭುಜ ಮಾತ್ರ ಸಂಜೆಗೆ ಸತ್ತುಹೋಗುತ್ತಿತ್ತು. ಭಾರ ಇಳಿಸಲು ಹೊರಟವಳು ಭಾರ ಹೊರಲು ದುಡ್ಡು ಕೊಡಬೇಕಾ? ಆ ಅಕ್ಕಿಯನ್ನು ಆಮೇಲೆ ದೋಸೆಗೆ ನೆನೆಹಾಕಿದೆ. ನಮ್ಮ ಮನೆಯವರಿಗೆ ಇದನ್ನು ಇನ್ನೂ ಹೇಳಿಲ್ಲ.

ಇನ್ನೊಂದು, ಇಂಪ್ಲಾಂಟ್ ಸಾಯುವವರೆಗೂ ಇರುವ ವಸ್ತುವಲ್ಲ. ಸಿಲಿಕೋನ್ ಜೆಲ್ ಇರುವುದನ್ನು ಹಾಕಿಸಿಕೊಂಡರೆ ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಿ ಅಂತ ಔಷಧ, ವೈದ್ಯಕೀಯ ಸಾಮಾನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಅಪರೂಪದ ಒಂದು ಕ್ಯಾನ್ಸರಿನ ನಂಟು ಕಂಡು 2019ರಲ್ಲಿ ಒರಟು ಮೈಯ ಕೆಲವು ಇಂಪ್ಲಾಂಟ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿದರು. ಹೆದರಿಸಲು ಹೇಳುತ್ತಿಲ್ಲ. ಹಾಲು ಇಂಗಿದ ಮೇಲೆ ಎದೆ ಪೂರ್ತಿ ಬರಿದಾದವರಿಗೆ ಅದೇ ಬೇಕಾಗಬಹುದು. ನನ್ನಲ್ಲಿ ಮಾಲು ಇತ್ತು, ಜಾಗದಲ್ಲಿ ಇರಲಿಲ್ಲ.

ಡಾಕ್ಟರ್ ಹಾಕಿದ ಗುರುತು ನೋಡಿ ನನಗೆ ನಗು ಬಂತು. ತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಗೆ ಒಂದು ಗೆರೆ, ಮಡಿಕೆಯಲ್ಲಿ ಅಡ್ಡ ಗೆರೆ. ಹೆಚ್ಚಾದ ಬಟ್ಟೆಯನ್ನು ಡಾಟ್‌ನಲ್ಲಿ ತೆಗೆದು ಕಪ್ ಕೂರಿಸುವ ಹಾಗೇ ಇತ್ತು ಅದು. ಹಾಗಂತ ಹೇಳಿದ್ದಕ್ಕೆ ಡಾಕ್ಟರೂ ನಕ್ಕರು. 1956ರಲ್ಲಿ ರಾಬರ್ಟ್ ವೈಸ್ ಎಂಬ ಅಮೆರಿಕದ ಡಾಕ್ಟರ್ ಬ್ರಾ ಹೊಲಿಯುವ ಪ್ಯಾಟರ್ನ್ ನೋಡಿಯೇ ಈ ಗುರುತು ಮಾಡಿದರಂತೆ, ಇವತ್ತಿಗೂ ಅದನ್ನು ವೈಸ್ ಪ್ಯಾಟರ್ನ್ ಅನ್ನುತ್ತಾರೆ. ನಮ್ಮ ಕಸುಬಿನಿಂದ ಅವರ ಕಸುಬಿಗೆ ಹೋದದ್ದು! ಜೋತದ್ದು ಕಡಿಮೆ ಇದ್ದರೆ ವೃತ್ತದಲ್ಲೇ ಮುಗಿಸುತ್ತಾರೆ, ಸ್ವಲ್ಪ ಜಾಸ್ತಿ ಇದ್ದರೆ ಕೆಳಗಿನ ಗೆರೆವರೆಗೆ. ನನ್ನದಕ್ಕೆ ಮೂರೂ ಬೇಕಾಯಿತು. ಗಾಯದ ಗುರುತು ಸಣ್ಣದು ಮಾಡಿ ಅಂತ ಹಟ ಹಿಡಿದು ಆಕಾರ ಕೆಡಿಸಿಕೊಂಡವರ ಫೋಟೋ ನೋಡಿದ್ದೇನೆ. ಗೆರೆ ಬ್ಲೌಸಿನ ಒಳಗೆ ಇರುತ್ತದೆ, ಆಕಾರ ಹೊರಗೂ ಕಾಣುತ್ತದೆ.

ಆಷಾಢ ಆರಿಸಿಕೊಂಡದ್ದು ನಾನು. ಆಷಾಢದಲ್ಲಿ ಆಪರೇಷನ್ನಾ ಅಂತ ಅಮ್ಮ ಫೋನಿನಲ್ಲೇ ಎದೆ ಬಡಿದುಕೊಂಡಳು. ಆದರೆ ಯೋಚನೆ ಮಾಡಿ. ಮದುವೆ ಇಲ್ಲ, ಅಂದರೆ ನನಗೆ ಆರ್ಡರ್ ಇಲ್ಲ. ನೆಂಟರ ಮನೆ ಕಾರ್ಯ ಇಲ್ಲ. ಮಕ್ಕಳು ಸ್ಕೂಲಿಗೆ ಹೋಗಿರುತ್ತಾರೆ. ಬೆಂಗಳೂರಿನಲ್ಲಿ ಮೋಡ, ತಂಪು. ಹಗಲೂ ರಾತ್ರಿ ಬಿಗಿ ಬ್ರಾ ಹಾಕಿಕೊಂಡು ಏಪ್ರಿಲ್‌ನಲ್ಲಿ ಇರಲು ಆಗುತ್ತಾ? ಆಸ್ಪತ್ರೆಯಲ್ಲೂ ಡೇಟ್ ಸುಲಭವಾಗಿ ಸಿಕ್ಕಿತು. ಅತ್ತೆಗೆ ಏನು ಹೇಳಿ ಒಪ್ಪಿಸಿದೆ ಅನ್ನುವುದು ಮಾತ್ರ ಇಲ್ಲಿ ಬರೆಯಲ್ಲ. ಅವರೂ ಫೋನ್ ನೋಡುತ್ತಾರೆ.

ಆಪರೇಷನ್ ಮೂರು ಗಂಟೆ ಹಿಡಿಯಿತಂತೆ. ಒಂದು ರಾತ್ರಿ ಆಸ್ಪತ್ರೆ. ಎತ್ತುವಾಗ ಹೆಚ್ಚಾದದ್ದನ್ನು ಒಂದೊಂದು ಕಡೆ ಇನ್ನೂರು ಗ್ರಾಂ ಆಸುಪಾಸು ತೆಗೆದು ಲ್ಯಾಬಿಗೆ ಪರೀಕ್ಷೆಗೆ ಕಳಿಸಿದರು. ನೋವು ಸಿಸೇರಿಯನ್‌ಗಿಂತ ಕಡಿಮೆ, ಇದನ್ನು ಯಾರೂ ನಂಬುವುದಿಲ್ಲ. ಕಷ್ಟ ಇದ್ದದ್ದು ಕೈಯಲ್ಲಿ. ಕುಕ್ಕರ್ ಎತ್ತುವ ಹಾಗಿಲ್ಲ, ಬಕೆಟ್ ಎತ್ತುವ ಹಾಗಿಲ್ಲ, ಮೇಲಿನ ತಂತಿಗೆ ಬಟ್ಟೆ ಒಣಹಾಕುವ ಹಾಗಿಲ್ಲ, ಮಗನನ್ನು ಎತ್ತುವ ಹಾಗಂತೂ ಇಲ್ಲವೇ ಇಲ್ಲ. ಆರು ವಾರ ಹೀಗೆ. ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ. ಗಂಡ ಮಾಡುತ್ತಾನೆ ಅಂತ ನಂಬಿಕೊಂಡು ಆಪರೇಷನ್‌ಗೆ ಹೋಗಬೇಡಿ. ನಮ್ಮವರು ಒಳ್ಳೆಯವರೇ, ಆದರೂ ಹೇಳುತ್ತಿದ್ದೇನೆ.

ಎರಡನೇ ವಾರದ ಕೊನೆಗೆ ಬಲಗಡೆ ಕೆಳಗೆ, ಉದ್ದ ಗೆರೆ ಅಡ್ಡ ಗೆರೆಗೆ ಸೇರುವ ಜಾಗದಲ್ಲಿ ಹೊಲಿಗೆ ಸ್ವಲ್ಪ ಬಿಟ್ಟಿತು. ಬ್ಲೌಸಿನಲ್ಲೂ ಮೂರು ಹೊಲಿಗೆ ಸೇರುವ ಕಡೆಯೇ ಮೊದಲು ಬಿಡುವುದು. ಡಾಕ್ಟರ್ ಗಾಬರಿಯಾಗಲಿಲ್ಲ, ಇದು ತುಂಬ ಜನಕ್ಕೆ ಆಗುತ್ತದೆ ಅಂದರು. ಡ್ರೆಸಿಂಗ್ ಮಾಡಿಸಿ ಮಾಡಿಸಿ ಮೂರು ವಾರದಲ್ಲಿ ಮುಚ್ಚಿತು. ಜ್ವರ ಬಂದರೆ, ಒಂದೇ ಕಡೆ ಇದ್ದಕ್ಕಿದ್ದ ಹಾಗೆ ಊದಿದರೆ, ಕೀವು ಬಂದರೆ ಫೋನಿನಲ್ಲಿ ಹುಡುಕುತ್ತಾ ಕೂರಬೇಡಿ, ಅವತ್ತೇ ಓಡಿ.

ಗಾಯ ಒಣಗಿದ ಮೇಲೆ ಇನ್ನೊಂದು ಪ್ರಯೋಗ. ಗಾಯದ ಗೆರೆ ಮಾಸಲು ಬಲಗಡೆಗೆ ಮೇಲೆ ಹಚ್ಚುವ ಸಿಲಿಕೋನ್ ಜೆಲ್, ಎಡಗಡೆಗೆ ಅಂಟಿಸುವ ಸಿಲಿಕೋನ್ ಪಟ್ಟಿ. ನಾಲ್ಕು ತಿಂಗಳು ಮಾಡಿದೆ. ಪಟ್ಟಿ ಹಾಕಿದ ಕಡೆ ಮೊದಲು ಚಪ್ಪಟೆಯಾಯಿತು, ಆದರೆ ಕೆಲಸದ ಬೆವರಿಗೆ ಕಿತ್ತುಕೊಂಡು ಬರುತ್ತಿತ್ತು. ಕೊನೆಗೆ ನೋಡಿದರೆ ಎರಡಕ್ಕೂ ವ್ಯತ್ಯಾಸ ನನಗೇ ಗೊತ್ತಾಗುವುದಿಲ್ಲ. ಜೆಲ್ ಅಗ್ಗ. ಗಾಯ ಉಬ್ಬಿ ಬೆಳೆಯುವ ಮೈ ನಿಮ್ಮದಾದರೆ, ಕಿವಿ ಚುಚ್ಚಿಸಿದ ಕಡೆ ಗಂಟು ಬಂದಿದ್ದರೆ, ಡಾಕ್ಟರಿಗೆ ಮೊದಲೇ ಹೇಳಿ.

ಆಸ್ಪತ್ರೆಯವರು ಕೊಟ್ಟ ಸರ್ಜಿಕಲ್ ಬ್ರಾ ಒಂದಕ್ಕೆ ಎರಡು ಸಾವಿರದ ಮೇಲೆ. ಅದನ್ನು ನೋಡಿ ನನ್ನ ಕೈ ಸುಮ್ನೆ ಕೂರಲಿಲ್ಲ. ಮುಂದೆ ಹುಕ್, ಕೆಳಗೆ ಅಗಲ ಪಟ್ಟಿ, ಎಲ್ಲೂ ಹೊಲಿಗೆ ಗಾಯಕ್ಕೆ ತಾಗದ ಹಾಗೆ ಒಂದು ಹತ್ತಿ ಬ್ಲೌಸ್ ಕತ್ತರಿಸಿದೆ. ಆರು ವಾರ ಕಳೆದ ಮೇಲೆ ಡಾಕ್ಟರಿಗೆ ತೋರಿಸಿ ಹಾಕಿಕೊಂಡೆ. ಅವರೇ ಬೇರೆಯವರಿಗೂ ಹೊಲಿದುಕೊಡುತ್ತೀರಾ ಅಂದರು. ಕಟಿಂಗ್ ಕೇಳಬೇಡಿ, ಈಗ ಅದಕ್ಕೆ ಆರ್ಡರ್ ಬರುತ್ತಿದೆ!

ಲೆಕ್ಕ ನೆನಪಿದ್ದಷ್ಟು. ಪ್ಯಾಕೇಜ್ 1 ಲಕ್ಷ 30 ಸಾವಿರದ ಹತ್ತಿರ. ಅದರ ಮೇಲೆ ಶೇ. 18 ಜಿಎಸ್‌ಟಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಚೆಂದಕ್ಕೆ ಮಾಡಿಸಿಕೊಂಡರೆ ಇದೆ. ಅದೇ 23 ಸಾವಿರ ಆಯಿತು. ಹಾಗಾಗಿ ರೇಟು ಕೇಳುವಾಗ ಜಿಎಸ್‌ಟಿ ಸೇರಿನಾ ಅಂತ ಮೊದಲೇ ಕೇಳಿ. ರಕ್ತ ಪರೀಕ್ಷೆ, ಇಸಿಜಿ, ಎದೆ ಸ್ಕ್ಯಾನಿಗೆ ಆರೇಳು ಸಾವಿರ. ಬ್ರಾ, ಜೆಲ್, ಪಟ್ಟಿ, ಕೆಲಸದವರ ಸಂಬಳ ಎಲ್ಲ ಸೇರಿ 1 ಲಕ್ಷ 80 ಸಾವಿರ ದಾಟಿತು. ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲಿಲ್ಲ, ಕಾಸ್ಮೆಟಿಕ್ ಅಂತ ಪಾಲಿಸಿಯಲ್ಲೇ ಹೊರಗಿಟ್ಟಿರುತ್ತಾರೆ. ತುಂಬ ಭಾರದ ಎದೆಯಿಂದ ಕತ್ತು ನೋವು, ಹುಣ್ಣು ಇದ್ದು ಡಾಕ್ಟರ್ ಚಿಕಿತ್ಸೆಗೆ ಬೇಕೇ ಬೇಕು ಅಂತ ಬರೆದುಕೊಟ್ಟರೆ ಆ ಮಾತು ಬೇರೆ, ಮೊದಲೇ ಅರ್ಜಿ ಹಾಕಿ ನೋಡಿ. ನನ್ನ ದುಡ್ಡು ಲಕ್ಷದ ಚೀಟಿಯಿಂದ, ಉಳಿದದ್ದು ಎರಡು ಮದುವೆ ಸೀಸನ್ನಿನ ಬ್ಲೌಸಿನಿಂದ. ಇಎಂಐ ಇಲ್ಲ, ಯಾರ ಹತ್ತಿರವೂ ಕೈಚಾಚಿಲ್ಲ. ಯಾಕೆ ಖರ್ಚು ಮಾಡಿದೆ ಅಂತ ಕೇಳುವ ಬಾಯಿ ಅದಕ್ಕೇ ಮುಚ್ಚಿತು.

ಈಗ ಡಾಟ್ ಪಾಯಿಂಟ್ ಹತ್ತೂಕಾಲು. ಮಡಿಕೆಯ ಉರಿ ಹೋಯಿತು. ಎರಡನೇ ಡಾಕ್ಟರ್ ಹೇಳಿದ ಹಾಗೆ ಮೇಲ್ಭಾಗ ತುಂಬಿ ನಿಂತಿಲ್ಲ, ಅದು ನಿಜ. ಬ್ಲೌಸಿಗೆ ತೆಳ್ಳಗಿನ ಕಪ್ ಇಟ್ಟರೆ ಅದೂ ಸರಿಹೋಗುತ್ತದೆ, ಖರ್ಚು 60 ರೂಪಾಯಿ. ಎಡ ತೊಟ್ಟಿನ ಸ್ಪರ್ಶ ತಿಂಗಳುಗಟ್ಟಲೆ ಇರಲಿಲ್ಲ, ಈಗ ಮುಕ್ಕಾಲು ಬಂದಿದೆ. ಕೆಲವರಿಗೆ ಬರುವುದೇ ಇಲ್ಲ, ಅದಕ್ಕೂ ತಯಾರಿರಬೇಕು. ಎರಡೂ ಕಡೆ ಅಚ್ಚಿನಲ್ಲಿ ಹಾಕಿದ ಹಾಗೆ ಒಂದೇ ಅಳತೆ ಬರುವುದಿಲ್ಲ. ಮೊದಲೂ ಇರಲಿಲ್ಲ ಅಲ್ವಾ?

ಆಪರೇಷನ್‌ಗೆ ಮುಂಚಿನ ಸ್ಕ್ಯಾನ್ ರಿಪೋರ್ಟ್ ಮತ್ತು ಲ್ಯಾಬ್ ರಿಪೋರ್ಟ್ ಎರಡನ್ನೂ ಒಂದು ಫೈಲಿನಲ್ಲಿ ಹಾಕಿ ಬೀರುವಿನಲ್ಲಿಡಿ. ಒಳಗಿನ ಗಾಯ, ಸತ್ತ ಕೊಬ್ಬು ಮುಂದೆ ಸ್ಕ್ಯಾನಿನಲ್ಲಿ ಗಂಟಿನ ಹಾಗೆ ಕಾಣಬಹುದು. ಮ್ಯಾಮೋಗ್ರಾಮ್‌ಗೆ ಹೋದಾಗ ಲಿಫ್ಟ್ ಆಗಿದೆ ಅಂತ ಮೊದಲೇ ಹೇಳಿ, ಆ ಫೈಲ್ ಕೊಡಿ.