ಡಿಗ್ರಿ ಕೈಗೆ ಬಂತಲ್ಲ, ಇನ್ನು ಎಣಿಸಿ ಸಹಿ ಹಾಕಿ

ಘಟಿಕೋತ್ಸವ ಮುಗಿಯಿತು, ಗೌನ್ ವಾಪಸ್ ಕೊಟ್ಟಿರಿ, ಫೋಟೋ ಸ್ಟೇಟಸ್‌ಗೆ ಹಾಕಿದಿರಿ, ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡು ಮನೆಗೆ ಹೋದಿರಿ. ಖುಷಿ ಪಡಿ. ಆದರೆ ಇನ್ನು ಮೇಲೆ ನಿಮ್ಮ ಸಹಿಗೆ ಬೆಲೆ ಬರುತ್ತದೆ, ಮನೆಯಲ್ಲೂ "ಓದಿದಾವ ಹೇಳ್ಯಾನಂದ್ರ ಖರೇನ ಇರಬೇಕು" ಅಂತ ನಂಬುತ್ತಾರೆ. ಸತ್ಯ ಕಾಪಾಡಿ ಅಂತ ವೇದಿಕೆ ಮೇಲೆ ಎಲ್ಲರೂ ಹೇಳುತ್ತಾರೆ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಅದನ್ನು ಹೇಗೆ ಮಾಡೋದು ಅಂತ ಯಾರೂ ಹೇಳೋದಿಲ್ಲ.

ಮೊದಲನೇದು, ನೋಡದೆ ಸಹಿ ಹಾಕಬೇಡಿ. ಇದನ್ನು ನಾನು ಕಲಿತದ್ದು ಇನ್ನೊಬ್ಬರ ಖರ್ಚಿನಲ್ಲಿ.

ನನ್ನ ಮೊದಲ ಕೆಲಸ ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿ, ಸ್ಟಾಕ್ ಬರೆಯೋದು. ಬ್ಯಾಡಗಿ ಮೆಣಸಿನಕಾಯಿ ಚೀಲಗಳು. ಒಳಗೆ ಕಾಲಿಟ್ಟರೆ ಸೀನು, ಕಣ್ಣಲ್ಲಿ ನೀರು. ಒಂದು ಶನಿವಾರ ಸಂಜೆ ಮೇಲಿನವರು "ಹ್ವಾದ ವಾರದ್ದ ಬರದು ಸಹಿ ಹಾಕಿಬಿಡಪಾ, ಏನಾಗೂದೈತಿ" ಅಂದರು. ನನಗೂ ಬಸ್ ಹಿಡಿಯೋ ಅವಸರ. 120 ಚೀಲ ಅಂತ ಬರೆದೆ, ಸಹಿ ಹಾಕಿದೆ, ಎಣಿಸಲಿಲ್ಲ. ಸೋಮವಾರ ಲಾರಿಗೆ ಹೇರುವಾಗ ಸಿಕ್ಕಿದ್ದು 111. ಶನಿವಾರ ಸಂಜೆ 120 ಇತ್ತು ಅಂತ ರಜಿಸ್ಟರ್ ಹೇಳುತ್ತಿದೆ, ಅಂದರೆ ಹೋದದ್ದು ಭಾನುವಾರವೇ, ಭಾನುವಾರ ಅಲ್ಲಿ ಇದ್ದದ್ದು ಒಬ್ಬನೇ ಹಮಾಲ. ಅವತ್ತೇ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಆ ಒಂಬತ್ತು ಚೀಲ ಯಾವತ್ತು ಹೋದವು ಅಂತ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನೋದನ್ನು ಮುಚ್ಚಿಹಾಕಿದ್ದು ನನ್ನ ಸಹಿ. ನಾನು ಸುಮ್ನೆ ನಿಂತಿದ್ದೆ.

ಹಾಗಾಗಿ ಎಣಿಸಿ. ಟೈಮ್ ಇಲ್ಲವೇ? "ಎಣಿಸಿಲ್ಲ, ಹೋದ ವಾರದ ಅಂಕಿ" ಅಂತ ಬರೆದು ಅದರ ಕೆಳಗೆ ಸಹಿ ಹಾಕಿ. ಮೇಲಿನವರು ಒತ್ತಾಯ ಮಾಡಿದರೆ ಜಗಳ ಬೇಡ, ಒಂದು ಮೆಸೇಜ್ ಕಳಿಸಿ: "ಸರ್, ನೀವು ಹೇಳಿದಂತೆ ಹಳೇ ಅಂಕಿಯನ್ನೇ ಹಾಕಲೇ?" ಬಹಳ ಸಲ ಮಾತು ಅಲ್ಲಿಗೇ ತಣ್ಣಗಾಗುತ್ತದೆ, ಯಾಕಂದ್ರೆ ಬಾಯಲ್ಲಿ ಹೇಳಿದ್ದಕ್ಕೆ ಬರವಣಿಗೆಯಲ್ಲಿ "ಹೂಂ" ಅನ್ನೋಕೆ ಧೈರ್ಯ ಬೇಕು. ಕೆಲಸ ಹೋದರೆ? ಹೋಗಲೂಬಹುದು. ಮನೆ ಸಾಲ ನಿಮ್ಮ ತಲೆ ಮೇಲಿದ್ದರೆ ವೀರಾವೇಶ ಬೇಡ, ಆ ಸಹಿಯೊಂದನ್ನು ತಪ್ಪಿಸಿಕೊಂಡು ಬೇರೆ ಕಡೆ ಕೆಲಸ ಹುಡುಕುತ್ತಿರಿ.

ಎರಡನೇದು ಮನೆಯ ವಾಟ್ಸಾಪ್ ಗ್ರೂಪ್. ಇಲ್ಲಿ ಓದಿದವರು ಜಾಸ್ತಿ ಕೆಡಿಸುತ್ತಾರೆ. ಕಾಕಾ ಒಂದು ಸುಳ್ಳು ವಿಡಿಯೋ ಹಾಕುತ್ತಾರೆ, ನೀವು ಇಪ್ಪತ್ತು ಜನರ ಮುಂದೆ "ಇದು ಫೇಕ್" ಅಂತ ಬಡಿಯುತ್ತೀರಿ. ಕಾಕಾ ಒಪ್ಪುತ್ತಾರಾ? ಅವರಿಗೆ ಈಗ ಅದು ಮರ್ಯಾದೆಯ ಪ್ರಶ್ನೆ. ಮೊದಲು ನೀವೇ ನೋಡಿ: ವಿಡಿಯೋದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಸಲ ಅದೇ ದೃಶ್ಯ ಬೇರೆ ಊರಿನ ಹಳೇ ಸುದ್ದಿಯಲ್ಲಿ ಸಿಗುತ್ತದೆ. ಆಮೇಲೆ ಫೋನ್ ಮಾಡಿ. "ಕಾಕಾ, ಅದು ಹಳೇ ವಿಡಿಯೋ ಐತ್ರಿ, ಯಾರೋ ನಿಮಗ ತಪ್ಪು ಕಳಿಸ್ಯಾರ. ನೀವ ಗ್ರೂಪಿನ್ಯಾಗ ಹಾಕಿಬಿಡ್ರಿ, ನಿಮ್ಮ ಮಾತು ಎಲ್ಲಾರೂ ಕೇಳ್ತಾರ." ನಮ್ಮ ಕಾಕಾ ಹಾಕಿದರು. ಎರಡು ದಿನ ತಗೊಂಡರು, ಇರಲಿ.

ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂದರೆ, ಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು, ಜನ ಸೇರಿ ಒಬ್ಬ ಯುವಕನನ್ನು ಹೊಡೆದು ಕೊಂದರು. ಆ ವರ್ಷ ದೇಶದಲ್ಲಿ ಹೀಗೆ ಒಂದರ ಮೇಲೊಂದು ಸಾವು ಆದ ಮೇಲೆಯೇ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಅನ್ನೋ ಮಿತಿ ಬಂದದ್ದು. ನೀವೇ ತಪ್ಪು ಕಳಿಸಿದ್ದರೆ ಸುಮ್ನೆ ಡಿಲೀಟ್ ಮಾಡಿದರೆ ಸಾಲದು. ಎಲ್ಲೆಲ್ಲಿ ಕಳಿಸಿದ್ದಿರೋ ಅಲ್ಲಲ್ಲಿ "ನಾನು ಹಾಕಿದ್ದು ತಪ್ಪು" ಅಂತ ಬರೆಯಿರಿ. ನಾಚಿಕೆ ಆಗುತ್ತದೆ, ಮುಂದಿನ ಸಲ ಕೈ ತಡೆಯುವುದೇ ಆ ನಾಚಿಕೆ.

ನಿಜ ಏನು ಅಂತಲೇ ಗೊತ್ತಿಲ್ಲದಿದ್ದರೆ ಕೇಳಿ. ನಮ್ಮ ಓಣಿ ರಸ್ತೆಗೆ ಎಷ್ಟು ದುಡ್ಡು ಬಂತು, ಯಾರು ತಿಂದರು ಅಂತ ಗಿರ್ಮಿಟ್ ಅಂಗಡಿ ಮುಂದೆ ಗಂಟೆಗಟ್ಟಲೆ ವಾದ ಮಾಡುತ್ತೇವೆ ಅಲ್ವಾ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನು.

ಬೈಪಾಸಿನಲ್ಲಿ ಯಾರಾದರೂ ಬಿದ್ದಿದ್ದರೆ ಗಾಡಿ ನಿಲ್ಲಿಸಿ, 112ಕ್ಕೆ ಫೋನ್ ಮಾಡಿ. ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಅಂತ ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಸಹಾಯ ಮಾಡಿದವರನ್ನು ಕಾಪಾಡುತ್ತದೆ.

ಇನ್ನು ಸಭ್ಯತೆ. ನಮ್ಮ ಕಡೆ ಅದಕ್ಕೆ ಒಂದೇ ಅಕ್ಷರ ಇದೆ: ರೀ. ಸಾಹೇಬರಿಗೆ, ಮಾಸ್ತರರಿಗೆ, ಬೀಗರಿಗೆ ತಾನಾಗಿಯೇ ಬರುತ್ತದೆ. ಕಸ ಗುಡಿಸುವವರಿಗೆ, ಚಹಾ ತರುವವರಿಗೆ, ಚೀಲ ಹೊರುವವರಿಗೆ ಮಾತ್ರ ಅದೇ ನಾಲಿಗೆ "ಏ" ಅನ್ನುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರ ಹೆಸರು ಕೇಳಿಕೊಳ್ಳಿ, ರೀ ಹಚ್ಚಿ ಮಾತಾಡಿ. ತಡ ಮಾಡಿದರೆ "ಏ" ರೂಢಿಯಾಗಿಬಿಡುತ್ತದೆ. ಮೇಲೆ ನಾನು "ಒಬ್ಬನೇ ಹಮಾಲ" ಅಂತ ಬರೆದೆನಲ್ಲ, ನೋಡಿ, ಇಷ್ಟು ವರ್ಷ ಆದಮೇಲೂ ಕೈ ಹಾಗೇ ಹೋಗುತ್ತದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ಎರಡು ವರ್ಷದ ಮೇಲೆ ಒಂದು ಸಂಜೆ ಉಣಕಲ್ಲಿನಲ್ಲಿ ಅವರು ಚಿಗರಿ ಬಸ್ ಹತ್ತಿದರು. ಗುರುತು ಹಿಡಿದು, ಅವರೇ ಹತ್ತಿರ ಬಂದು, "ಆರಾಮ ಅದೀರೇನ್ರಿ?" ಅಂದರು. ಚೀಲದ ವಿಷಯ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ನವನಗರ ಬರೋವರೆಗೂ ಮಳೆಯ ಬಗ್ಗೆ ಮಾತಾಡಿದೆ. ಅವರು ಇಳಿದು ಹೋದಮೇಲೆ ನೆನಪಾಯಿತು, ಅವರ ಹೆಸರನ್ನೂ ನಾನು ಕೇಳಿರಲಿಲ್ಲ.