ಬೆಳಕು ಸೋರಿದ್ದೆಲ್ಲಿ? ಟೇಪ್ ಸುತ್ತುವ ಮೊದಲು ನೆಗೆಟಿವ್ ನೋಡಿ

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಒಂದು ಹಾಳೆಗೆ ಒಂದೇ ಚಿತ್ರ. ಟ್ರೈಪಾಡ್ ಹೂಡಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಗ್ರೌಂಡ್ ಗ್ಲಾಸ್ ಎಂಬ ಮಸುಕು ಗಾಜಿನ ಮೇಲಿನ ತಲೆಕೆಳಗಾದ ಬಿಂಬವನ್ನು ಫೋಕಸ್ ಮಾಡಿ ತೆಗೆದ 4×5 ಇಂಚಿನ ಆ ಹಾಳೆಯನ್ನು ಡೆವಲಪ್ ಮಾಡಿ ನೋಡಿದಾಗ ಮೂಲೆಯಲ್ಲೊಂದು ಕಪ್ಪು ಮಬ್ಬು ಕಂಡರೆ ಹೊಟ್ಟೆ ಉರಿಯುತ್ತದೆ. ಎಲ್ಲೋ ಬೆಳಕು ಸೋರಿದೆ. ಆಗ ಬಹಳ ಮಂದಿ ಮಾಡುವುದು ಒಂದೇ ಕೆಲಸ: ಕಪ್ಪು ಟೇಪ್ ತಂದು ಕ್ಯಾಮೆರಾಕ್ಕೆ ಸುತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಬೇಸಿಗೆಗೆ ಟೇಪಿನ ಅಂಟು ಕರಗಿ ಬೆಲ್ಲೋಸ್, ಅಂದರೆ ಲೆನ್ಸಿಗೂ ಹಿಂಬದಿಗೂ ನಡುವಿನ ಮಡಚುವ ತಿದಿಯ ಮಡಿಕೆಗಳಿಗೆ ಹತ್ತಿಕೊಳ್ಳುತ್ತದೆ, ಸೋರಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಬೆಳಕು ಯಾವ ದಾರಿಯಲ್ಲಿ ಬಂತು ಎಂಬುದರ ಗುರುತು ಫಿಲ್ಮಿನ ಮೇಲೇ ಉಳಿದಿರುತ್ತದೆ. ಪತ್ತೆ ಶುರುವಾಗಬೇಕಾದದ್ದು ಅಲ್ಲಿಂದ.

ಅಂಚು ಏನು ಹೇಳುತ್ತದೆ

ನೆಗೆಟಿವ್ ಅನ್ನು ಬಿಳಿ ಬೆಳಕಿಗೆ ಹಿಡಿದು ಮೊದಲು ಅಂಚು ನೋಡಿ, ಚಿತ್ರ ಆಮೇಲೆ. ಹಾಳೆ ತುಂಬಿ ಕ್ಯಾಮೆರಾದ ಹಿಂಬದಿಗೆ ಸೇರಿಸುವ ಚಪ್ಪಟೆ ಪೆಟ್ಟಿಗೆಯೇ ಫಿಲ್ಮ್ ಹೋಲ್ಡರ್. ಅದರೊಳಗೆ ಹಾಳೆಯ ಉದ್ದನೆಯ ಎರಡು ಬದಿಗಳು ಸಣ್ಣ ಕಂಬಿಗಳ ಅಡಿಗೆ ಸೇರಿಕೊಂಡಿರುತ್ತವೆ. ಹಾಳೆಗೆ ಬೆಳಕು ತಾಗದಂತೆ ಮುಚ್ಚುವ ಡಾರ್ಕ್ ಸ್ಲೈಡ್ ಎಳೆದ ಮೇಲೂ ಕಂಬಿ ಮುಚ್ಚಿದ ಆ ಕಿರಿದಾದ ಪಟ್ಟಿಗೆ ಕ್ಯಾಮೆರಾದೊಳಗಿನ ಬೆಳಕು ತಾಗದು. ಹೀಗಾಗಿ ಮಬ್ಬು ಚಿತ್ರದ ಗಡಿಯಲ್ಲೇ ನಿಂತು ಅಂಚು ಸ್ವಚ್ಛವಾಗಿದ್ದರೆ, ಬೆಳಕು ಸೋರಿದ್ದು ಸ್ಲೈಡ್ ಎಳೆದಿದ್ದಾಗ, ಕ್ಯಾಮೆರಾದ ಒಳಗೆ. ಅಂಚೂ ಸೇರಿ ಕಪ್ಪಾಗಿದ್ದರೆ ಕ್ಯಾಮೆರಾ ಬಹುಮಟ್ಟಿಗೆ ನಿರಪರಾಧಿ. ಆಗ ಅನುಮಾನಿಸಬೇಕಾದದ್ದು ಫಿಲ್ಮ್ ಡಬ್ಬ, ಲೋಡ್ ಮಾಡಿದ ಕೋಣೆ, ಹೋಲ್ಡರ್ ಅಥವಾ ಡೆವಲಪಿಂಗ್ ಟ್ಯಾಂಕನ್ನು. ಇದೊಂದನ್ನು ನೋಡಿಕೊಂಡರೆ ಹುಡುಕುವ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ.

ಮುಂದೆ ಮಬ್ಬಿನ ಆಕಾರ. ಅಂಚು ಮೆದುವಾದ, ದುಂಡನೆಯ ಕಲೆ ಬೆಲ್ಲೋಸ್‌ನ ಸೂಜಿಮೊನೆಯಷ್ಟು ತೂತಿನದು. ಸ್ಲೈಡ್ ಎಳೆಯುವ ಕಡೆಯಿಂದ ಬಾಣದಂತೆ ಒಳನುಗ್ಗಿದ ಗೆರೆಯಿದ್ದರೆ ಹೋಲ್ಡರ್ ಬಾಯಿಯ ಮಖಮಲ್ ಸವೆದಿದೆ. ಒಂದು ಬದಿಯುದ್ದಕ್ಕೂ ಪಟ್ಟಿಯಂತೆ ಹಬ್ಬಿದ್ದರೆ ಹೋಲ್ಡರ್ ಕ್ಯಾಮೆರಾದ ಹಿಂಬದಿಗೆ ಸರಿಯಾಗಿ ಕೂತಿಲ್ಲ.

ದಿಕ್ಕನ್ನೂ ಲೆಕ್ಕ ಹಾಕಬಹುದು. ಬೆಲ್ಲೋಸ್‌ನ ಮೇಲ್ಭಾಗದ ತೂತಿನಿಂದ ಇಳಿದ ಬಿಸಿಲು ಸಾಮಾನ್ಯವಾಗಿ ಫಿಲ್ಮಿನ ಕೆಳಭಾಗಕ್ಕೆ ಬೀಳುತ್ತದೆ. ಕ್ಯಾಮೆರಾದಲ್ಲಿ ಬಿಂಬ ತಲೆಕೆಳಗಾಗಿರುವುದರಿಂದ ಫಿಲ್ಮಿನ ಕೆಳಭಾಗವೆಂದರೆ ಪ್ರಿಂಟಿನಲ್ಲಿ ಆಕಾಶ. ಆಕಾಶದಲ್ಲಿ ಬಿಳಿ ಕಲೆ ಬಂದರೆ ಬೆಲ್ಲೋಸ್‌ನ ಮೇಲುಗಡೆ ಹುಡುಕಿ.

ಎಲ್ಲ ಮಬ್ಬೂ ಸೋರಿಕೆಯಲ್ಲ. ಉದ್ದನೆಯ ಎರಡೂ ಅಂಚುಗಳು ಒಂದೇ ಸಮನೆ ದಟ್ಟವಾಗಿ, ಪ್ರತಿ ಹಾಳೆಯಲ್ಲೂ ಹಾಗೇ ಬರುತ್ತಿದ್ದರೆ ಅದು ಟ್ಯಾಂಕ್ ಅಲ್ಲಾಡಿಸುವುದರಲ್ಲಿನ ದೋಷ. ಇಡೀ ಚಿತ್ರ ಪೇಲವವಾಗಿದ್ದರೆ ಲೆನ್ಸಿನಿಂದ ಬಂದ ಹೆಚ್ಚುವರಿ ಬೆಳಕು ಬೆಲ್ಲೋಸ್ ಗೋಡೆಗೆ ಬಡಿದು ಚದುರಿರಬಹುದು. ಅದಕ್ಕೆ ಮದ್ದು ಲೆನ್ಸ್ ಹುಡ್.

ಟಾರ್ಚ್ ಪರೀಕ್ಷೆ

ಫಿಲ್ಮ್ ಖರ್ಚಿಲ್ಲದ ಪರೀಕ್ಷೆ ಇದು, ರಾತ್ರಿ ಮಾಡಿ. ಲೆನ್ಸ್ ಕಳಚಿ, ಅದರ ಜಾಗಕ್ಕೆ ತೂತಿಲ್ಲದ ಲೆನ್ಸ್ ಬೋರ್ಡ್ (ಲೆನ್ಸ್ ಕೂರಿಸುವ ಹಲಗೆ) ಹಾಕಿ. ಅದು ಇಲ್ಲದಿದ್ದರೆ ದಪ್ಪ ರಟ್ಟಾದರೂ ಸಾಕು. ಬೆಲ್ಲೋಸನ್ನು ಪೂರ್ತಿ ಚಾಚಿ, ಒಳಗೆ ಎಲ್‌ಇಡಿ ಟಾರ್ಚ್ ಇಟ್ಟು ಹಿಂಬದಿಯನ್ನು ಮುಚ್ಚಿ. ಹಳೆಯ ಬಲ್ಬ್ ಬೇಡ, ಅದರ ಬಿಸಿಗೆ ಚರ್ಮ ಸುಡುತ್ತದೆ. ದೀಪ ಆರಿಸಿ ಐದು ನಿಮಿಷ ಸುಮ್ಮನೆ ಕೂತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಸುತ್ತಲೂ ನೋಡುತ್ತ ಬನ್ನಿ.

ಬೆಲ್ಲೋಸ್ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮೇಲೆ ಮಡಿಕೆ. ಸವೆಯುವುದು ಹೆಚ್ಚಾಗಿ ಮೂಲೆಗಳಲ್ಲೇ, ಮಡಿಕೆ ತಿರುಗುವ ಕಡೆ. ಕೆಲವು ತೂತು ಚಾಚಿದಾಗ ಮಾತ್ರ ಬಾಯಿ ಬಿಡುತ್ತವೆ, ಕೆಲವು ಅರ್ಧ ಮಡಚಿದಾಗ. ಆದ್ದರಿಂದ ಮುಂಭಾಗವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸುತ್ತಲೇ ನೋಡಿ. ಬೆಳಕಿನ ಚುಕ್ಕಿ ಕಂಡ ಕಡೆಯೆಲ್ಲ ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ. ಬೆಲ್ಲೋಸ್ ಮುಗಿದ ಮೇಲೆ ಲೆನ್ಸ್ ಬೋರ್ಡ್ ಕೂರುವ ಚೌಕಟ್ಟು, ಬೆಲ್ಲೋಸ್ ಅಂಟಿಸಿರುವ ಜಾಗ, ಬಿದ್ದುಹೋದ ಸ್ಕ್ರೂಗಳ ತೂತು ಇಷ್ಟನ್ನೂ ನೋಡಿ. ಹಳೆಯ ಗ್ರಾಫ್ಲೆಕ್ಸ್ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಇಟ್ಟುಕೊಂಡವರು ಹಿಂಬದಿಯ ಪರದೆ ಶಟರನ್ನು ತೆರೆದಿಟ್ಟೇ ಮುಂದೆ ಹೇಳುವ ನಾಲ್ಕು ಹಾಳೆಯ ಪರೀಕ್ಷೆ ಮಾಡಬೇಕು. ಪರದೆ ಮುಚ್ಚಿದ್ದರೆ ಬೆಲ್ಲೋಸ್ ಎಷ್ಟೇ ಸೋರಿದರೂ ಫಿಲ್ಮಿಗೆ ತಾಗುವುದಿಲ್ಲ, ನೀವು ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ.

ಡಾರ್ಕ್ ಸ್ಲೈಡುಗಳನ್ನೂ ಒಂದೊಂದಾಗಿ ಟಾರ್ಚಿಗೆ ಅಡ್ಡ ಹಿಡಿಯಿರಿ. ಬಿರುಕು ಬಿಡುವುದು ಹೆಚ್ಚಾಗಿ ಮೂಲೆಯಲ್ಲಿ. ಬಿರುಕು ಬಿಟ್ಟ ಸ್ಲೈಡಿಗೆ ರಿಪೇರಿಯಿಲ್ಲ, ಬದಲಾಯಿಸಿ.

ನಾಲ್ಕು ಹಾಳೆಯ ಪರೀಕ್ಷೆ

ಟಾರ್ಚಿಗೆ ಸಿಗದ್ದು ಫಿಲ್ಮಿಗೆ ಸಿಗುತ್ತದೆ. ಒಳ್ಳೆಯ ಫಿಲ್ಮ್ ಇದಕ್ಕೆ ಬೇಕಿಲ್ಲ. 8×10 ಇಂಚಿನ ಹಸಿರು ಸಂವೇದಿ ಎಕ್ಸ್‌ರೇ ಫಿಲ್ಮ್ ಸಾಕು, ಆ ಫಿಲ್ಮನ್ನು ಕೆಡಿಸದ ಕೆಂಪು ದೀಪ, ಅಂದರೆ ಸೇಫ್‌ಲೈಟಿನಲ್ಲೇ ನಾಲ್ಕು ತುಂಡು ಮಾಡಿಕೊಳ್ಳಬಹುದು. 4×5 ಎಂದು ಕರೆದರೂ ಹೋಲ್ಡರಿಗೆ ಹೋಗುವ ಹಾಳೆಯ ನಿಜವಾದ ಅಳತೆ ಸುಮಾರು 100×125 ಮಿಲಿಮೀಟರ್. ಒಂದೆರಡು ಮಿಲಿಮೀಟರ್ ಕತ್ತರಿಸಿ ತೆಗೆಯದಿದ್ದರೆ ಒಳಗೆ ಸಿಕ್ಕಿಕೊಳ್ಳುತ್ತದೆ. ಪ್ರಿಂಟ್ ಮಾಡುವ ಕಪ್ಪುಬಿಳುಪು ಪೇಪರ್ ಕೂಡ ಆದೀತು, ಆದರೆ ಬೆಳಕಿಗೆ ಸ್ಪಂದಿಸುವ ಅದರ ವೇಗ ಐಎಸ್‌ಒ 6ರ ಆಸುಪಾಸು. ಐಎಸ್‌ಒ 400ರ ಫಿಲ್ಮಿನಲ್ಲಿ ಹತ್ತು ಸೆಕೆಂಡಿಗೆ ಮೂಡುವ ಮಬ್ಬು ಪೇಪರಿನಲ್ಲಿ ಮೂಡಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಸಣ್ಣ ಸೋರಿಕೆ ತಪ್ಪಿಸಿಕೊಂಡುಬಿಡುತ್ತದೆ.

ಮೊದಲನೆಯ ಹಾಳೆಯನ್ನು ಹೋಲ್ಡರಿಗೆ ಹಾಕದೆ ನೇರ ಡೆವಲಪ್ ಮಾಡಿ. ಇದೇ ಮಬ್ಬಾಗಿದ್ದರೆ ತಪ್ಪು ಫಿಲ್ಮಿನದು ಅಥವಾ ಕತ್ತಲೆ ಕೋಣೆಯದು. ಎರಡನೆಯದನ್ನು ಹೋಲ್ಡರಿಗೆ ತುಂಬಿ, ಕ್ಯಾಮೆರಾಕ್ಕೆ ಹಾಕದೆ, ಬಿಸಿಲಿನಲ್ಲಿ ಐದು ನಿಮಿಷ ಎಲ್ಲ ಮಗ್ಗುಲಿಗೂ ತಿರುಗಿಸಿ. ಮೂರನೆಯದನ್ನು ಕ್ಯಾಮೆರಾಕ್ಕೆ ಹಾಕಿ, ಶಟರ್ ಮುಚ್ಚಿ, ಲೆನ್ಸ್ ಕ್ಯಾಪ್ ಹಾಕಿ, ಸ್ಲೈಡ್ ಎಳೆದು, ಕ್ಯಾಮೆರಾವನ್ನು ಬಿಸಿಲಿಗೆ ನಾಲ್ಕೂ ಕಡೆ ತಿರುಗಿಸುತ್ತ ಐದು ನಿಮಿಷ ಇಡಿ. ನಾಲ್ಕನೆಯದಕ್ಕೂ ಇದೇ ಕ್ರಮ, ಕ್ಯಾಪ್ ಮಾತ್ರ ತೆಗೆದಿಡಿ. ಯಾವುದು ಯಾವುದೆಂದು ಗೊತ್ತಾಗಲು ಕತ್ತಲೆಯಲ್ಲೇ ಕತ್ತರಿಯಿಂದ ಅಂಚಿಗೆ ಒಂದು, ಎರಡು, ಮೂರು, ನಾಲ್ಕು ಕಚ್ಚು ಹಾಕಿ.

ಎರಡನೆಯದು ಕೆಟ್ಟರೆ ಹೋಲ್ಡರ್. ಮೂರನೆಯದರಿಂದ ಶುರುವಾದರೆ ಬೆಲ್ಲೋಸ್, ಲೆನ್ಸ್ ಬೋರ್ಡ್ ಅಥವಾ ಹಿಂಬದಿ. ಬೆಲ್ಲೋಸಿಗೂ ಲೆನ್ಸ್ ಬೋರ್ಡಿಗೂ ಕಪ್ಪು ಬಟ್ಟೆ ಹೊದಿಸಿ ಇನ್ನೊಂದು ಹಾಳೆ ಪರೀಕ್ಷಿಸಿ, ಆಗಲೂ ಮಬ್ಬಾದರೆ ಹಿಂಬದಿಯೇ. ನಾಲ್ಕನೆಯದು ಮಾತ್ರ ಕೆಟ್ಟರೆ ಶಟರ್ ಬ್ಲೇಡುಗಳ ನಡುವೆ ಸಂದಿಯಿದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಶಟರ್ ಬಲ್ಲವರಿಗೇ ಕೊಡಿ.

ಮುಚ್ಚುವುದು

ಬೆಲ್ಲೋಸ್‌ನ ಸಣ್ಣ ತೂತಿಗೆ ಸ್ಟೇಷನರಿ ಅಂಗಡಿಯ ಕಪ್ಪು ಫ್ಯಾಬ್ರಿಕ್ ಕಲರ್ ಒಳ್ಳೆಯದು. ಒಣಗಿದ ಮೇಲೂ ಬಾಗುತ್ತದೆ. ಬೆಲ್ಲೋಸ್ ಚಾಚಿಟ್ಟು, ಸಣ್ಣ ಬ್ರಷ್ಷಿನಿಂದ ಒಳಗಡೆಯಿಂದ ತೆಳುವಾಗಿ ಎರಡು ಕೈ ಬಳಿದು, ಚಾಚಿದ ಹಾಗೇ ಇಡೀ ದಿನ ಬಿಡಿ. ಪೂರ್ತಿ ಒಣಗುವ ಮುನ್ನ ಮಡಚಿದರೆ ಮಡಿಕೆಗಳು ಅಂಟಿಕೊಂಡು, ಮತ್ತೆ ಚಾಚುವಾಗ ಚರ್ಮವೇ ಕಿತ್ತುಬರುತ್ತದೆ. ಎಲ್ಲ ಮೂಲೆಗಳಲ್ಲೂ ಚುಕ್ಕಿ ಕಾಣುವಷ್ಟು ಹಳತಾಗಿದ್ದರೆ ತೇಪೆಗೆ ದುಡ್ಡು ಸುರಿಯಬೇಡಿ, ಹೊಸ ಬೆಲ್ಲೋಸ್ ಹಾಕಿಸಿ. ಒಂದು ತೂತು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಿಟ್ಟಿರುತ್ತದೆ.

ಲೆನ್ಸ್ ಬೋರ್ಡ್ ಸಡಿಲವಿದ್ದರೆ ಅದು ಕೂರುವ ತೋಡಿನಲ್ಲಿ ಕಪ್ಪು ಉಲ್ಲನ್ ದಾರ ಒತ್ತಿ. ಹೋಲ್ಡರ್ ಬಾಯಿಗೆ ಟೈಲರಿಂಗ್ ಸಾಮಾನಿನ ಅಂಗಡಿಯ ಕಪ್ಪು ಮಖಮಲ್ ರಿಬ್ಬನ್ ಆಗುತ್ತದೆ, ಮೊದಲಿದ್ದಷ್ಟೇ ದಪ್ಪದ್ದು ಇರಲಿ. ಹಿಂಬದಿಯ ಸ್ಪ್ರಿಂಗ್ ಸೋತಿದ್ದರೆ ಬದಲಾಯಿಸಿ.

ಸೋರದಂತೆ ನೋಡಿಕೊಳ್ಳುವುದು

ಕ್ಯಾಮೆರಾ ಸರಿಯಿದ್ದೂ ಸೋರುವುದು ಸ್ಲೈಡ್ ಎಳೆಯುವ ಗಳಿಗೆಯಲ್ಲಿ. ಒಂದು ಕೈಯಿಂದ ಹೋಲ್ಡರನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು, ಇನ್ನೊಂದರಿಂದ ನೇರವಾಗಿ ಎಳೆಯಿರಿ. ವಾಪಸ್ ಹಾಕುವಾಗ ಒಂದು ಮೂಲೆ ಮೊದಲು ತೂರಿದರೆ ಮಖಮಲ್ ಓರೆಯಾಗಿ ಬಾಯಿ ತೆರೆಯುತ್ತದೆ. ಸ್ಲೈಡಿನ ಅಗಲಕ್ಕೂ ಒಟ್ಟಿಗೇ ಒಳಹೋಗಬೇಕು. ಬಿಸಿಲಿನಲ್ಲಿ ಕಪ್ಪು ಬಟ್ಟೆಯನ್ನು ಹಿಂಬದಿಯ ಮೇಲೆ ಹೊದಿಸಿಯೇ ಎಳೆಯಿರಿ, ಎಕ್ಸ್‌ಪೋಷರ್ ಮುಗಿಯುವ ತನಕ ಅದು ಅಲ್ಲೇ ಇರಲಿ.

ರಾತ್ರಿ ಬಚ್ಚಲು ಮನೆಯಲ್ಲಿ ಫಿಲ್ಮ್ ತುಂಬುವವರು ಗೀಸರಿನ ಸೂಚಕ ದೀಪ, ವೆಂಟಿಲೇಟರ್ ಗಾಜು, ಬಾಗಿಲಡಿಯ ಸಂದಿ ನೋಡಿಕೊಳ್ಳಿ. ಕೈಯ ಸ್ಮಾರ್ಟ್‌ವಾಚ್ ಬಿಚ್ಚಿಟ್ಟು ಹೋಗಿ. ಮಳೆಗಾಲದಲ್ಲಿ ಚರ್ಮದ ಬೆಲ್ಲೋಸ್‌ಗೆ ಬೂಷ್ಟು ಹಿಡಿಯುತ್ತದೆ, ಹಿಡಿದಲ್ಲಿ ಚರ್ಮ ಕೊಳೆಯುತ್ತದೆ. ಒದ್ದೆ ಕ್ಯಾಮೆರಾವನ್ನು ಮಡಚಿಡದೆ, ನೆರಳಲ್ಲಿ ಚಾಚಿ ಒಣಗಿಸಿ, ಸಿಲಿಕಾ ಜೆಲ್ ಜೊತೆಗೆ ಇಡಿ.

ಹೋಲ್ಡರುಗಳಿಗೆಲ್ಲ ನಂಬರ್ ಬರೆದು, ಯಾವ ಚಿತ್ರ ಯಾವ ಹೋಲ್ಡರಿನ ಯಾವ ಮಗ್ಗುಲಿನದು ಎಂದು ಪುಸ್ತಕದಲ್ಲಿ ಗುರುತಿಟ್ಟುಕೊಳ್ಳಿ. ಹಾಳೆಗೆ ಕಾರ್ಖಾನೆಯಲ್ಲೇ ಹಾಕಿರುವ ಕಚ್ಚುಗುರುತು ಯಾವಾಗಲೂ ಫ್ಲಾಪ್ (ಹಾಳೆ ತೂರಿಸಲು ತೆರೆಯುವ ಹೋಲ್ಡರಿನ ತುದಿ) ಕಡೆಗೇ ಬರುವಂತೆ ತುಂಬಿ, ಮಬ್ಬು ಫ್ಲಾಪಿನಿಂದ ಬಂತೋ ಸ್ಲೈಡಿನ ಬಾಯಿಂದ ಬಂತೋ ಒಂದೇ ನೋಟಕ್ಕೆ ತಿಳಿಯುತ್ತದೆ. ಒಂದೇ ನಂಬರಿನ ಹೋಲ್ಡರ್ ಎರಡನೇ ಸಲ ಮಬ್ಬು ಕೊಟ್ಟರೆ ಅದನ್ನು ಚೀಲದಿಂದ ಆಚೆ ಇಡಿ, ರಿಪೇರಿಯಾಗಿ ಬಿಸಿಲು ಪರೀಕ್ಷೆ ಪಾಸಾಗುವ ತನಕ ಅದಕ್ಕೆ ಫಿಲ್ಮ್ ತುಂಬಬೇಡಿ.