32 ಪೋರ್ಟಿನ ಸೆಲ್‌ನಲ್ಲಿ ಚಾನೆಲ್ ವರದಿಗೆ ಎಷ್ಟು ಖರ್ಚು ಮಾಡಬೇಕು?

ಎಫ್‌ಡಿಡಿ ವ್ಯವಸ್ಥೆಯಲ್ಲಿ ಅಪ್‌ಲಿಂಕ್ (ಮೊಬೈಲಿನಿಂದ ಬೇಸ್ ಸ್ಟೇಷನ್ನಿಗೆ), ಡೌನ್‌ಲಿಂಕ್ (ಬೇಸ್ ಸ್ಟೇಷನ್ನಿನಿಂದ ಮೊಬೈಲಿಗೆ) ಫ್ರೀಕ್ವೆನ್ಸಿಗಳು ಬೇರೆ ಬೇರೆ. ಹಾಗಾಗಿ ಅಪ್‌ಲಿಂಕ್ ನೋಡಿ ಡೌನ್‌ಲಿಂಕಿನ ಚಾನೆಲ್ (ಸಿಗ್ನಲ್ ಸಾಗುವ ದಾರಿಯ ಸ್ಥಿತಿ) ತಿಳಿಯದು; ಬೇಸ್ ಸ್ಟೇಷನ್ ಪೈಲಟ್ (ಮೊದಲೇ ಗೊತ್ತಿರುವ ಸಿಗ್ನಲ್) ಕಳಿಸಬೇಕು, ಮೊಬೈಲ್ ಅಳೆದು ವರದಿ ಕೊಡಬೇಕು. ಎರಡೂ ತಿನ್ನುವುದು ಡೇಟಾದ ಜಾಗವನ್ನೇ. 5ಜಿಯ 2.1 ಗಿಗಾಹರ್ಟ್ಸ್, 20 ಮೆಗಾಹರ್ಟ್ಸ್ ಅಗಲದ, 32 ಪೋರ್ಟ್ (ಬೇಸ್ ಸ್ಟೇಷನ್ನಿನ ಆಂಟೆನಾ ದಾರಿ) ಇರುವ ಸೆಲ್ ಒಂದನ್ನು ತೆಗೆದುಕೊಂಡು ಲೆಕ್ಕ ಹಾಕೋಣ.

ಮೊದಲು ಚಾನೆಲ್ ಎಷ್ಟು ಹೊತ್ತು ಬದಲಾಗದೆ ನಿಲ್ಲುತ್ತದೆ ನೋಡಿ. ವೇಗವನ್ನು ತರಂಗದೂರದಿಂದ (ಇಲ್ಲಿ 14.3 ಸೆಂ.ಮೀ.) ಭಾಗಿಸಿದರೆ ಡಾಪ್ಲರ್ (ಚಲನೆಯಿಂದಾಗುವ ಫ್ರೀಕ್ವೆನ್ಸಿ ಬದಲಾವಣೆ) ಸಿಗುತ್ತದೆ, 0.423ನ್ನು ಅದರಿಂದ ಭಾಗಿಸಿದರೆ ಕೋಹೆರೆನ್ಸ್ ಸಮಯ. ಗಂಟೆಗೆ 3 ಕಿ.ಮೀ. ನಡೆಯುವವರಿಗೆ ಸುಮಾರು 72 ಮಿಲಿಸೆಕೆಂಡ್, 30 ಕಿ.ಮೀ. ವೇಗದ ಬಸ್ಸಿನಲ್ಲಿ ಬರೀ 7. ವರದಿಯ ಅವಧಿಯೂ ಅದು ಬಳಕೆಗೆ ಬರುವ ತಡವೂ ಸೇರಿ ಇಷ್ಟರೊಳಗೆ ಮುಗಿಯಬೇಕು. ಈ ಲೆಕ್ಕವಿಲ್ಲದೆ ಕೋಡ್‌ಬುಕ್ (ಚಾನೆಲನ್ನು ಕೆಲವೇ ಬಿಟ್‌ಗಳಲ್ಲಿ ಹೇಳುವ ಪಟ್ಟಿ) ಆರಿಸಲು ಕೂರಬೇಡಿ.

ಒಂದು ಸ್ಲಾಟಿನಲ್ಲಿ (ಇಲ್ಲಿ 1 ಮಿಲಿಸೆಕೆಂಡ್) ಪ್ರತಿ ರಿಸೋರ್ಸ್ ಬ್ಲಾಕಿಗೆ (180 ಕಿಲೋಹರ್ಟ್ಸ್ ಅಗಲದ ತುಂಡು) 168 ಎಲಿಮೆಂಟ್ (ಡೇಟಾ ಅಥವಾ ಪೈಲಟ್ ಕೂರುವ ಚೌಕ). 32 ಪೋರ್ಟಿನ ಸಿಎಸ್‌ಐ-ಆರ್‌ಎಸ್ ಎಂಬ ಪೈಲಟ್ ಅದರಲ್ಲಿ 32 ನುಂಗುತ್ತದೆ, ಅಂದರೆ 19%. 5 ಸ್ಲಾಟಿಗೊಮ್ಮೆ ಕಳಿಸಿದರೆ ಒಟ್ಟು 3.8%. ಎಲ್ಲರಿಗೂ ಒಂದೇ ಸೆಟ್ಟಿಂಗ್ ಇಡುವ ಬದಲು ಎರಡು ಮಾಡಿ: ನಿಧಾನದವರಿಗೆ 32 ಪೋರ್ಟ್, 20 ಸ್ಲಾಟಿಗೊಮ್ಮೆ; ವೇಗದವರಿಗೆ 8 ಪೋರ್ಟ್, 5 ಸ್ಲಾಟಿಗೊಮ್ಮೆ. ಎರಡೂ ಸೇರಿ 1.9%. ಡೆನ್ಸಿಟಿಯನ್ನು 0.5ಕ್ಕೆ, ಅಂದರೆ ಎರಡು ಬ್ಲಾಕಿಗೊಂದು ಪೈಲಟ್‌ಗೆ, ಇಳಿಸುವ ಆಸೆಯಾಗುತ್ತದೆ. ಆಗ ಪೈಲಟ್‌ಗಳ ನಡುವೆ 360 ಕಿಲೋಹರ್ಟ್ಸ್ ಅಂತರ. ಡಿಲೇ ಸ್ಪ್ರೆಡ್ (ಬೇರೆ ಬೇರೆ ದಾರಿಯಲ್ಲಿ ಬರುವ ಸಿಗ್ನಲ್‌ಗಳ ತಡದ ಹರವು) 1 ಮೈಕ್ರೋಸೆಕೆಂಡ್ ಇರುವಲ್ಲಿ ಚಾನೆಲ್ 200 ಕಿಲೋಹರ್ಟ್ಸ್‌ಗೇ ಬದಲಾಗುತ್ತದೆ, ಅಂದಾಜು ಕೆಡುತ್ತದೆ.

ಇನ್ನು ವರದಿ. 32 ಪೋರ್ಟಿನ ಗುಣಾಂಕಗಳನ್ನು ತಲಾ 8 ಬಿಟ್‌ನಂತೆ 14 ಸಬ್‌ಬ್ಯಾಂಡ್‌ಗೂ (ಬ್ಯಾಂಡಿನ ತುಂಡು) ಕಳಿಸಿದರೆ 3,584 ಬಿಟ್. ಹಲವು ಬೀಮ್ (ದಿಕ್ಕು) ಬೆರೆಸಿ ವಿವರವಾಗಿ ಹೇಳುವ ಟೈಪ್ 2 ಕೋಡ್‌ಬುಕ್ಕಿನಲ್ಲಿ 4 ಬೀಮ್, 3 ಬಿಟ್ ಫೇಸ್ (ತರಂಗದ ಹಂತ), ವೈಡ್‌ಬ್ಯಾಂಡ್ (ಇಡೀ ಬ್ಯಾಂಡಿಗೆ ಒಂದೇ) ಆಂಪ್ಲಿಟ್ಯೂಡ್ ಮಾತ್ರ ಇಟ್ಟರೆ ರ‍್ಯಾಂಕ್ 1ಕ್ಕೆ (ಒಬ್ಬರಿಗೆ ಒಂದೇ ಡೇಟಾ ಧಾರೆ) 333 ಬಿಟ್ ಸಾಕು. ಇದು ನಡೆಯುವವರಿಗೆ ಸರಿ. ಬಸ್ಸಿನವರಿಗೆ ಒಂದೇ ಬೀಮ್ ಹೇಳುವ ಚುಟುಕಾದ ಟೈಪ್ 1, ವೈಡ್‌ಬ್ಯಾಂಡ್: ಫೇಸ್ ಬೇಗ ಹಳಸುತ್ತದೆ, ಬೀಮಿನ ದಿಕ್ಕು ಅಷ್ಟು ಬೇಗ ಹಳಸದು. ಸೆಲ್ಲಿನ ಅಂಚಿನವರಿಗೂ ಟೈಪ್ 1 ಕೊಡಿ, ಅವರ ದುರ್ಬಲ ಅಪ್‌ಲಿಂಕಿನಲ್ಲಿ ಉದ್ದದ ವರದಿ ತಲುಪುವುದೇ ಕಷ್ಟ.

ಕೆಟ್ಟಾಗ ಗುರುತಿಸುವುದು ಹೀಗೆ. ಸಿಕ್ಯೂಐ (ಮೊಬೈಲ್ ಹೇಳುವ ಚಾನೆಲ್ ಗುಣಮಟ್ಟ) ಚೆನ್ನಾಗಿದ್ದೂ ವೇಗದವರಿಗೆ ಮಾತ್ರ ನ್ಯಾಕ್ (ಡೇಟಾ ಸರಿಯಾಗಿ ಸಿಗಲಿಲ್ಲವೆಂಬ ಉತ್ತರ) ಹೆಚ್ಚಿದರೆ ವರದಿ ಹಳತಾಗಿದೆ. ಬಿಟ್ ಹೆಚ್ಚಿಸಿ ಪ್ರಯೋಜನವಿಲ್ಲ, ಅವಧಿ ಕಡಿಮೆ ಮಾಡಿ. ನಿಂತಲ್ಲೇ ಇರುವ ಹಲವರಿಗೆ ಒಟ್ಟಿಗೆ ಕಳಿಸುವಾಗ ಪವರ್ ಏರಿಸಿದರೂ ಥ್ರೂಪುಟ್ ಏರದಿದ್ದರೆ ವರದಿ ಒರಟಾಗಿದೆ, ಒಬ್ಬರ ಸಿಗ್ನಲ್ ಇನ್ನೊಬ್ಬರಿಗೆ ಸೋರುತ್ತಿದೆ. ಜೀರೋ ಫೋರ್ಸಿಂಗ್‌ನಲ್ಲಿ (ಈ ಸೋರಿಕೆ ಇಲ್ಲದಂತೆ ಬೀಮ್ ರೂಪಿಸುವ ವಿಧಾನ) ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) 3 ಡಿಬಿ ಏರಿದಾಗಲೆಲ್ಲ, ಆಂಟೆನಾ ಸಂಖ್ಯೆಯಲ್ಲಿ ಒಂದು ಕಳೆದಷ್ಟು ಬಿಟ್ ಪ್ರತಿ ಬಳಕೆದಾರರಿಗೆ ಹೆಚ್ಚಬೇಕು: 4 ಆಂಟೆನಾ, 15 ಡಿಬಿಗೆ 15 ಬಿಟ್, 18 ಡಿಬಿಗೆ 18.